ಅಂಗಿಯೊಳಗೆ ಮಡಚಿಹೋದ ಕಥೆ

ಇನ್ನು ಮುಂದೆ ನಾನು ಬರೆಯುವ ಕಥೆಯಲ್ಲಿ ಒಂದೇ ಒಂದು ತಪ್ಪು ಹುಡುಕಿ ತೋರಿಸಿದವರ ಮನೆಯ ಬಟ್ಟೆಯನ್ನೆಲ್ಲ ಜೀವಮಾನವಿಡೀ ಪುಕ್ಕಟೆ ಇಸ್ತ್ರಿ ಮಾಡಿಕೊಡುತ್ತೇನೆ! ಹೀಗೆಂದು ನಾನು ಶಪಥ ಮಾಡಿದೆ. ಜೋರಾಗಿ ಅಲ್ಲ, ಮನಸ್ಸಿನಲ್ಲೇ. ನಾನು ಜೋರಾಗಿ ಮಾಡುವ ಕೆಲಸವೆಂದರೆ ಸೀನುವುದೊಂದೇ.

ನಮ್ಮದು ಇಸ್ತ್ರಿ ಅಂಗಡಿ. ಅಮ್ಮ ಇಸ್ತ್ರಿ ಹಾಕುತ್ತಾಳೆ, ನಾನು ಮಡಚುತ್ತೇನೆ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವುದಕ್ಕಿಂತ ಶಾಲೆಯನ್ನೇ ಬಿಡುವುದು ಸುಲಭವೆಂದು ತೋರಿ ಕಳೆದ ವರ್ಷ ಬಿಟ್ಟವಳು ನಾನು. ಅಂದಿನಿಂದ ಅಂಗಿಗಳ ಜೊತೆ ಸುಖವಾಗಿದ್ದೇನೆ. ಅವು ಪ್ರಶ್ನೆ ಕೇಳುವುದಿಲ್ಲ. ಎಡತೋಳಿಗೂ ಬಲತೋಳಿಗೂ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಚ್ಚಿ ಮತ್ತೆ ಮಡಚುವುದು ನನ್ನ ಸ್ವಭಾವ. ಎದೆಯ ಭಾಗ ಸೊಟ್ಟಗಾಗದಿರಲೆಂದು ಪ್ರತಿ ಅಂಗಿಯೊಳಗೂ ಒಂದು ಹಳೆಯ ಕಾಗದದ ಹಾಳೆ ಇಡುವುದು ನಮ್ಮ ಅಂಗಡಿಯ ಪದ್ಧತಿ. ಈ ಹಾಳೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನ್ನ ಮಾನ ಹೋದದ್ದು ಅದರಿಂದಲೇ.

ಗ್ರಂಥಾಲಯದಲ್ಲಿ ಭಾನುವಾರ ಭಾನುವಾರ ಕಥೆ ಬರೆಯುವುದನ್ನು ಕಲಿಸುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ನಮ್ಮ ಅಂಗಡಿಯ ಗಿರಾಕಿಯೂ ಹೌದು. ನಾನೂ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಕಲಿಯುವವರ ಕಥೆಗಳನ್ನು ಸೇರಿಸಿ ಪುಸ್ತಕ ಮಾಡುವುದಾಗಿಯೂ, ಶುಕ್ರವಾರದೊಳಗೆ ಎಲ್ಲರೂ ತಮ್ಮ ಕಥೆಯನ್ನು ತಿದ್ದಿ ಕೊಡಬೇಕೆಂದೂ ಅವರು ಸಾರಿದರು. ನನ್ನ ಬಳಿ ಕಥೆಯೊಂದು ಆಗಲೇ ಇತ್ತು. ಬಟ್ಟೆಗಂಟಿನ ಚೀಟಿ ಬರೆಯುವುದೊಂದನ್ನುಳಿದು, ಶಾಲೆ ಬಿಟ್ಟವಳಿಗೆ ಅಕ್ಷರವೂ ಬಿಟ್ಟುಹೋಯಿತೆಂದು ಅಮ್ಮ ಒಳಗೊಳಗೇ ಕೊರಗುತ್ತಿದ್ದಳು. ಪುಸ್ತಕವನ್ನು ಇಸ್ತ್ರಿ ಮೇಜಿನ ಮೇಲಿಟ್ಟು ನಾನು ಪಕ್ಕಕ್ಕೆ ಸರಿಯಬೇಕು, ಅವಳು ತಾನಾಗಿ ತೆರೆದು ನನ್ನ ಹೆಸರು ನೋಡಬೇಕು. ಇಷ್ಟೇ ನನ್ನ ಆಸೆ. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದವರಿಗೆ ಅಚ್ಚೇ ಗತಿ.

ಕಥೆಯ ನಾಯಕ ಗಡಿಯಾರ ರಿಪೇರಿ ಮಾಡುವವನು. ಅವನ ಅಂಗಡಿಯ ಗೋಡೆ ತುಂಬ ಗಡಿಯಾರಗಳು. ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತದೆ. ಅವನು ತನಗೆ ಅನುಕೂಲವಾದುದನ್ನು ನಂಬುತ್ತಾನೆ. ಹೀಗಾಗಿ ಎಲ್ಲಿಗೆ ಹೋದರೂ ತಡ. ಎಷ್ಟೋ ವರ್ಷಗಳ ನಂತರ ಊರಿಗೆ ಬರುವ ಅಕ್ಕನನ್ನು ರೈಲು ನಿಲ್ದಾಣದಲ್ಲಿ ಕಾಣಲು ಅವನು ಹೊರಡುವುದೇ ಕಥೆ.

ಮೇಷ್ಟ್ರು ವಾರಕ್ಕೊಂದು ನಿಯಮ ಹೇಳಿದ್ದರು. ಮೊದಲ ಪುಟ ಕಿತ್ತೆಸೆಯಿರಿ, ಕಥೆ ಎರಡನೆಯದರಿಂದಲೇ ಶುರುವಾಗುತ್ತದೆ. ವಿಶೇಷಣಗಳನ್ನು ಕಳೆಯಂತೆ ಕೀಳಿರಿ. ಪಾತ್ರಗಳು ಹರಟಬಾರದು. ಓದುಗ ಊಹಿಸಬಲ್ಲದ್ದನ್ನು ಬರೆಯಬೇಡಿ. ಎಲ್ಲಕ್ಕಿಂತ ಕ್ರೂರವಾದದ್ದು: ನಿಮಗೆ ತುಂಬ ಇಷ್ಟವಾದ ಸಾಲನ್ನೇ ಮೊದಲು ಹೊಡೆದುಹಾಕಿ! ಉಳಿದವರು ತಮಗೆ ಬೇಕಾದ ನಿಯಮ ಆರಿಸಿಕೊಂಡು ಆರಾಮವಾಗಿದ್ದರು. ನನಗೆ ಆರಿಸುವುದು ಹೇಗೆಂದು ತಿಳಿಯಲಿಲ್ಲ. ಒಂದನ್ನು ಬಿಟ್ಟು, ಅದೇ ಮುಖ್ಯವಾಗಿದ್ದರೆ? ಎಲ್ಲವನ್ನೂ ಪಾಲಿಸುವುದೆಂದು ತೀರ್ಮಾನಿಸಿದೆ.

ಗ್ರಂಥಾಲಯದ ಕೆಲಸವಿದೆ, ಈ ವಾರ ನೀನೇ ಮಡಚಿಕೋ ಎಂದು ಅಮ್ಮನಿಗೆ ಗೊಣಗಿ, ಅಂಗಡಿಯ ಹಿಂಬದಿಯ ಪರದೆಯ ಮರೆಗೆ ಸೇರಿದೆ. ಮೊದಲ ಪುಟವನ್ನು ಅಲ್ಲೇ ಪರದೆಯ ಅಂಚಿಗಿದ್ದ ರದ್ದಿ ಪೆಟ್ಟಿಗೆಗೆ ಹಾಕಿದೆ. ಗೋಡೆ ತುಂಬ ಗಡಿಯಾರ ಇದ್ದದ್ದು ಅದರಲ್ಲೇ, ಹೋಯಿತು. ಗೀಟೆಳೆದು ಹೊಡೆದ ಹಾಳೆಯನ್ನು ನೋಡಿದರೆ ನನಗೆ ಸುಕ್ಕುಗಟ್ಟಿದ ಕಾಲರ್ ನೋಡಿದಂತೆ ಸಂಕಟ. ಆದ್ದರಿಂದ ಒಂದು ಪದ ತೆಗೆದರೂ ಇಡೀ ಪುಟವನ್ನು ಹೊಸದಾಗಿ ಬರೆದು, ಹಳೆಯದನ್ನು ಹಾಗೇ ಪೆಟ್ಟಿಗೆಗೆ ಹಾಕುತ್ತಿದ್ದೆ. ಗಡಿಯಾರದವನ ಹೆಂಡತಿ, "ನಿಮಗೆ ಕಾದು ಕಾದು ನನ್ನ ತಲೆ ಬೆಳ್ಳಗಾಯ್ತು, ಇನ್ನೂ ಐದು ನಿಮಿಷ ಅಂತೀರಲ್ಲ" ಎನ್ನುವ ಸಾಲು ನನಗೆ ತುಂಬ ಇಷ್ಟ. ಅದಕ್ಕೇ ಅದೂ ಹೋಯಿತು. ಹೆಂಡತಿ ಇದ್ದಾಳೆಂದು ಓದುಗ ಊಹಿಸಬಲ್ಲ ಎನ್ನಿಸಿ ಹೆಂಡತಿಯೂ ಹೋದಳು. ರೈಲು ಬರುತ್ತದೆಂದು ಯಾರಿಗೆ ಗೊತ್ತಿಲ್ಲ? ರೈಲೂ ಹೋಯಿತು, ಅದರಲ್ಲಿದ್ದ ಅಕ್ಕನೂ!

ಈ ಮಹಾಸಂಹಾರ ನಡೆಯುತ್ತಿದ್ದಾಗ ಪರದೆಯಾಚೆ ವ್ಯಾಪಾರ ಇದ್ದಕ್ಕಿದ್ದಂತೆ ಏರಿತು. ಎದುರು ಬೀದಿಯ ಹಲ್ಲಿನ ಡಾಕ್ಟರಮ್ಮ ಬೆಳಿಗ್ಗೆ ಒಯ್ದ ಅಂಗಿಗಳನ್ನೇ ಸಂಜೆ ಮತ್ತೆ ತಂದರಂತೆ. ಬಸ್ ಕಂಡಕ್ಟರು ಸಮವಸ್ತ್ರದ ಜೊತೆ ತನ್ನ ಭಾವಮೈದುನನ ಅಂಗಿಗಳನ್ನೂ ಹೊತ್ತು ತಂದನಂತೆ. ಇಸ್ತ್ರಿಯ ಗುಣ ನೋಡಿ ಬರುತ್ತಿದ್ದಾರೆಂದು ಅಮ್ಮ ಬೀಗುತ್ತಿದ್ದಳು. ನಾನು ತಲೆಯೆತ್ತಲಿಲ್ಲ, ನನ್ನಲ್ಲಿ ಇನ್ನೂ ಒಂದು ವಿಶೇಷಣ ಉಳಿದಿತ್ತು.

ಶುಕ್ರವಾರ ಕಥೆ ಮುಗಿಯಿತು. ಅದು ಪೂರ್ತಿಯಾಗಿ ಹೀಗಿತ್ತು: "ಗಡಿಯಾರದವನು ಹೊರಟ. ತಡವಾಯಿತು."

ಒಂದು ನಿಯಮವೂ ಮುರಿದಿರಲಿಲ್ಲ. ಚೆನ್ನಾಗಿ ಕಾಣಲೆಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದೆ. ಟೈಪ್ ಮಾಡುವವನು ಉಳಿದ ಹಾಳೆಗಳಿಗಾಗಿ ಕೈಚಾಚಿಯೇ ಇದ್ದ. ಅದನ್ನು ಮೇಷ್ಟ್ರ ಮನೆಯ ಬಾಗಿಲ ಸಂದಿಯಲ್ಲಿ ತೂರಿಸಿ, ಗಂಟೆ ಒತ್ತದೆ ಓಡಿಬಂದೆ.

ನಾನು ಬರುವ ಹೊತ್ತಿಗೆ ಅಂಗಡಿಯಲ್ಲಿ ಕಂಡಕ್ಟರು ಅಮ್ಮನನ್ನು ಕಾಡುತ್ತಿದ್ದ.

"ಅಲ್ಲಕ್ಕಾ, ಆ ರೈಲು ಸಿಕ್ತೋ ಇಲ್ವೋ, ಅಷ್ಟು ಹೇಳಿ ಸಾಕು."

"ನೀನು ಬಸ್ಸಿನವನು. ನಿನಗ್ಯಾಕಪ್ಪ ರೈಲು?"

"ನನ್ನ ಅಂಗೀಲಿ ಅವನು ನಿಲ್ದಾಣದ ಮೆಟ್ಟಿಲ ಮೇಲೇ ನಿಂತ್ಬಿಟ್ಟಿದಾನೆ. ಮುಂದಿನ ಪುಟ ಯಾರ ಅಂಗೀಲಿದೆ?"

ನಾನು ಪರದೆಯ ಹಿಂದೆ ನುಗ್ಗಿ ಪೆಟ್ಟಿಗೆ ನೋಡಿದೆ. ಖಾಲಿ! ಹಳೆಯ ಪತ್ರಿಕೆಗಳು ಮುಗಿದಿದ್ದವು. ಅಮ್ಮ ಕೈಗೆ ಸಿಕ್ಕ ಹಾಳೆಗಳನ್ನು ಒಂದೊಂದಾಗಿ ಅಂಗಿಗಳಿಗೆ ತುಂಬಿದ್ದಳು. ತಿದ್ದದ ನನ್ನ ಸಾಲುಗಳು, ಒಗೆಯದ ಬಟ್ಟೆಯ ಹಾಗೆ, ಊರವರ ಎದೆಯ ಮೇಲೆ ಮಲಗಿದ್ದವು. ನಾಚಿಕೆಯಿಂದ ನಾನೇ ಒಂದು ಅಂಗಿಯಾಗಿ ಮಡಚಿಕೊಂಡೆ. ಇದ್ದ ಒಂದೇ ಸಮಾಧಾನವೆಂದರೆ ಅಸಲಿ ಕಥೆ ಮೇಷ್ಟ್ರ ಬಳಿ ಭದ್ರವಾಗಿದೆ ಎಂಬುದು.

ಸ್ವಲ್ಪ ಹೊತ್ತಿಗೆ ಮೇಷ್ಟ್ರೇ ಬಂದರು. ಕೈಯಲ್ಲಿ ನನ್ನ ಟೈಪಾದ ಹಾಳೆ. ಹೊರಗೆ ಬಾ ಎಂದರು. ನೇತುಹಾಕಿದ್ದ ಹಾಸಿಗೆ ಹೊದಿಕೆಗಳ ನಡುವಿನಿಂದ ಅರ್ಧ ಮುಖ ತೋರಿಸಿದೆ.

"ಇದೇನಮ್ಮ, ಕಥೆಯೋ ತಂತಿ ಸಂದೇಶವೋ?"

"ನೀವು ಹೇಳಿದ ನಿಯಮ ಎಲ್ಲಾ ಪಾಲಿಸಿದೀನಿ ಸಾರ್."

"ಅದೇ ತೊಂದರೆ. ಇದನ್ನ ಪುಸ್ತಕಕ್ಕೆ ಹೇಗೆ ಹಾಕಲಿ?" ಎಂದ ಮೇಷ್ಟ್ರು ಜೇಬಿನಿಂದ ಇನ್ನೊಂದು ಹಾಳೆ ತೆಗೆದರು. ಮಡಿಕೆಯ ಗುರುತಿತ್ತು. "ಇದು ನನ್ನ ಅಂಗಿಯೊಳಗೆ ಸಿಕ್ತು. ಗೋಡೆ ತುಂಬ ಗಡಿಯಾರವಂತೆ, ತನಗೆ ಅನುಕೂಲವಾದದ್ದನ್ನ ನಂಬ್ತಾನಂತೆ. ಬರೆದವನು ನನ್ನ ನಿಯಮ ಒಂದನ್ನೂ ಕೇಳಿದ ಹಾಗಿಲ್ಲ. ಆದರೂ ನಗು ತಡೀಲಿಕ್ಕೆ ಆಗಲಿಲ್ಲ. ನಿನ್ನ ಗಡಿಯಾರದವನನ್ನ ಎಲ್ಲಿಂದ ಕದ್ದೆ ಅಂತ ಈಗ ಗೊತ್ತಾಯ್ತು. ಇವನ ಹತ್ತಿರ ಹೋಗಿ ಕಲಿ."

ನನ್ನದೇ ಕಥೆಯನ್ನು ಕದ್ದ ಕಳ್ಳಿಯಾಗಿ, ನನ್ನ ಬಳಿಯೇ ಕಲಿಯಲು ಹೋಗಬೇಕಾಗಿ, ಹೊದಿಕೆ ಹಿಡಿದು ನಿಂತೆ. ಪುಸ್ತಕವೂ ಹೋಯಿತು, ಹೆಸರೂ ಹೋಯಿತು ಎನ್ನುವಷ್ಟರಲ್ಲಿ ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಹಾಳೆಗೆ ಕೈಯೊಡ್ಡಿದಳು. ಬಟ್ಟೆ ಗಂಟುಗಳಿಗೆಲ್ಲ ಗಿರಾಕಿಗಳ ಗುರುತುಚೀಟಿ ಬರೆಯುವವಳು ನಾನೇ. ಅವಳು ಹಾಳೆಯನ್ನು ನೋಡಿದಳು, ಮೇಷ್ಟ್ರ ಗಂಟಿನ ಚೀಟಿಯನ್ನು ನೋಡಿದಳು, ಎರಡನ್ನೂ ಅಕ್ಕಪಕ್ಕ ಮೇಜಿನ ಮೇಲಿಟ್ಟಳು.

"ಮೇಷ್ಟ್ರೇ, ಇದು ನನ್ನ ಮಗಳ ಅಕ್ಷರ."

ಮೇಷ್ಟ್ರು ಕನ್ನಡಕ ಒರೆಸಿದರು. ಮತ್ತೆ ಹಾಕಿಕೊಂಡು ನೋಡಿದರು. ಕೊನೆಗೆ ಒಂದು ಹೊಸ ನಿಯಮ ಕೊಟ್ಟರು: ಮೇಷ್ಟ್ರ ನಿಯಮಗಳಲ್ಲಿ ಕಥೆಗೆ ಒಗ್ಗುವುದನ್ನಷ್ಟೇ ಇಟ್ಟುಕೊಳ್ಳಬೇಕು. ನಾಳೆಯೊಳಗೆ ಪೂರ್ತಿ ಕಥೆ ತಂದರೆ ಪುಸ್ತಕದಲ್ಲಿ ಜಾಗವಿದೆ.

ಮರುದಿನ ಮನೆಮನೆಗೆ ಹೋಗಿ, ನಿಮ್ಮ ಅಂಗಿಯೊಳಗಿನ ನನ್ನ ಪುಟ ಕೊಡಿ ಎಂದು ಕೇಳಿದೆ. ಹುಟ್ಟಿದಾಗಿನಿಂದ ನಾನು ಆಡಿದ ಒಟ್ಟು ಮಾತಿಗಿಂತ ಅಂದು ಆಡಿದ್ದೇ ಹೆಚ್ಚು. ಹಲ್ಲಿನ ಡಾಕ್ಟರಮ್ಮ ಕೊನೆಯ ಭಾಗವನ್ನು ಹೇಳಿಸಿಕೊಳ್ಳದೆ ಪುಟ ಕೊಡಲಿಲ್ಲ; ಅಲ್ಲಿಯವರೆಗೆ ಕುರ್ಚಿಯಲ್ಲಿದ್ದ ರೋಗಿ ಬಾಯಿ ತೆರೆದೇ ಕೇಳಿದ. ಎಲ್ಲ ಪುಟಗಳೂ ಕೈಸೇರಿದಾಗ ಒಂದು ಪದ ಮಾತ್ರ ತಿದ್ದೋಣವೆಂದು ಪೆನ್ನು ಎತ್ತಿದೆ. ಅಮ್ಮ ಕಿತ್ತುಕೊಂಡಳು.

ಪುಸ್ತಕ ಬಂತು. ಇಸ್ತ್ರಿ ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದೆ. ಅಮ್ಮ ಕೈ ತೊಳೆದು, ಒರೆಸಿಕೊಂಡು ಬಂದು, ನನ್ನ ಹೆಸರಿನ ಪುಟ ತೆರೆದಳು. ಆಮೇಲೆ ಬಂದ ಗಿರಾಕಿಗಳಿಗೆಲ್ಲ ತೋರಿಸಿದಳು. ನಾನು ಗೆದ್ದೆನೆಂದುಕೊಂಡೆ.

ಆದರೆ ಅಂದಿನಿಂದ ಒಬ್ಬ ಗಿರಾಕಿಯೂ ಅಂಗಿಯನ್ನು ಮಡಚಿದಂತೆ ಒಯ್ಯುವುದಿಲ್ಲ. ಒಳಗೆ ಹೊಸ ಕಥೆ ಇದೆಯೋ ಎಂದು ಅಲ್ಲೇ ಬಿಚ್ಚಿ, ಕೊಡವಿ ನೋಡುತ್ತಾರೆ. ಮೊದಲು ಶುರುಮಾಡಿದವರು ಮೇಷ್ಟ್ರೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಾನು ಜೋಡಿಸಿದ ತೋಳುಗಳು ಮೇಜಿನ ತುಂಬ ಬಿದ್ದುಕೊಂಡಿರುತ್ತವೆ. ಅಮ್ಮ ಪರದೆಯತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಕರೆಯುತ್ತಾಳೆ:

"ಕಥೆಗಾರ್ತಿಯವರೇ, ಬರೆದದ್ದು ಸಾಕು. ಬಂದು ಮತ್ತೆ ಮಡಚಿ."