ಮೂರು ಕಾಲಿರೋ ಕುದುರೆ

ಹೆಂಡತಿ: ರೀ, ಕುದುರೆಗೆ ಒಂದು ಕಾಲು ಕಮ್ಮಿ ಇದೆ.

ಗಂಡ: ಕಮ್ಮಿ ಇಲ್ಲ. ಟೀಚರ್ ಹೇಳಿದಷ್ಟೇ ಇದೆ.

ಹೆಂಡತಿ: ಕುಂಟು ಕುದುರೆ ಮಾಡ್ಕೊಂಡು ಬಾ ಅಂತ ಯಾವ ಟೀಚರ್ ಹೇಳ್ತಾರೆ?

ಗಂಡ: ಪುಟ್ಟೀ, ಅಮ್ಮನಿಗೆ ಇನ್ನೊಂದ್ಸಲ ಹೇಳು.

ಮಗಳು: ಮೂರು ಕಾಲಿರೋ ಆಟಿಕೆ ಕಾಗದದಲ್ಲಿ ಮಾಡ್ಕೊಂಡು ಬನ್ನಿ ಅಂದ್ರು. ನಾಳೆನೇ.

ಊಟದ ಮೇಜಿನ ತುಂಬ ಬಣ್ಣದ ಕಾಗದದ ಚೂರುಗಳು. ನಡುವೆ ದಪ್ಪ ಕಾಗದದ ಕುದುರೆ. ಮುಂದೆ ಎರಡು ಕಾಲು, ಹಿಂದೆ ಒಂದು. ನೆಟ್ಟಗೆ ನಿಂತಿದೆ.

ಗಂಡ: ಮೂರು ಕಾಲಿದ್ರೆ ಎಲ್ಲಿಟ್ರೂ ಅಲ್ಲಾಡಲ್ಲ. ನಾಲ್ಕಾದ್ರೆ ಒಂದಾದ್ರೂ ಗಿಡ್ಡ ಆಗೇ ಆಗುತ್ತೆ. ಟೀಚರ್ ವಿಜ್ಞಾನ ಓದಿರೋರು ಅನ್ಸುತ್ತೆ.

ಹೆಂಡತಿ: ಹಾಗಾದ್ರೆ ಕುದುರೆ ಮಾಡಿದ ದೇವರು ಓದಿಲ್ಲ.

ಆಕೆ ನಾಲ್ಕನೇ ಕಾಲು ಕತ್ತರಿಸಿ ಅಂಟಿಸಿದಳು. ಕುದುರೆ ಸ್ವಲ್ಪ ಯೋಚಿಸಿ ಪಕ್ಕಕ್ಕೆ ವಾಲಿತು. ಗಂಡ ಆ ಕಾಲನ್ನು ಮೆಲ್ಲಗೆ ಕಿತ್ತು ಆಕೆಯ ಕೈಗಿಟ್ಟ.

ಹೆಂಡತಿ: ಹೋದ ಸಲ ನೀವು ಮಾಡ್ಕೊಟ್ಟ ಹಡಗು ನೋಡಿ ಟೀಚರ್ "ನಿಮ್ಮಪ್ಪ ಚೆನ್ನಾಗಿ ಮಾಡಿದಾರೆ" ಅಂದ್ರಂತೆ. ಮಗು ಊಟ ಬಿಟ್ಟು ಮಲಗಿತ್ತು. ನೆನಪಿದೆಯಾ?

ಮಗಳು: ಈ ಸಲ ನಂದು ಅನ್ಬೇಕು.

ಗಂಡ: ನಿಂದೇ ಕಣೇ ಪುಟ್ಟೀ. ನಾನು ಬರೀ ಕತ್ತರಿಸಿದ್ದು.

ಮಗಳು: ಮಡಿಸಿದ್ದೂ ನೀನೇ. ಅಂಟಿಸಿದ್ದೂ ನೀನೇ. ನಾನು ಗೋಂದಿನ ಬಾಟ್ಲಿ ಹಿಡ್ಕೊಂಡಿದ್ದೆ, ಅಷ್ಟೇ.

ಹೆಂಡತಿ ಟೀಚರಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿದಳು.

ಹೆಂಡತಿ: ಟೀಚರ್, ಮೂರು ಕಾಲಿದ್ರೆ ಸಾಕಾ?

ಟೀಚರ್: ಇರೋದೇ ಮೂರಲ್ವಾ?

ಹೆಂಡತಿ: ಕುದುರೆಗೂ?

ಟೀಚರ್: ಕುದುರೆಗೂ ಮೂರೇ, ನಮಗೂ ಮೂರೇ.

ಗಂಡ ಒಮ್ಮೆ ಮೇಜಿನ ಕೆಳಗೆ ಬಗ್ಗಿ ನೋಡಿಕೊಂಡ.

ಗಂಡ: ಯಾವುದು ಮುಂದೆ, ಯಾವುದು ಹಿಂದೆ ಬರ್ಬೇಕು ಟೀಚರ್?

ಟೀಚರ್: ಬೇಸಿಗೆ ಮುಂದೆ. ಆಮೇಲೆ ಮಳೆ. ಚಳಿ ಕೊನೆಗೆ.

ಫೋನ್ ಇಟ್ಟ ಮೇಲೆ ಗಂಡ ಕುದುರೆಯ ಕಾಲುಗಳನ್ನು ಮತ್ತೊಮ್ಮೆ ಎಣಿಸಿದ.

ಗಂಡ: ಕಾಲು ಅಲ್ಲ. ಕಾಲ.

ಹೆಂಡತಿ: ಟೀಚರ್ ವಿಜ್ಞಾನ ಓದಿರೋರು ಅಂದ್ರಿ.

ಗಂಡ: ಕೊಡು ಪುಟ್ಟೀ, ಮೊದಲಿಂದ ಬೇರೆ ಮಾಡ್ತೀನಿ.

ಮಗಳು: ಮುಟ್ಬೇಡ ಅಪ್ಪ!

ಮಗಳು ಕುದುರೆಯನ್ನು ತನ್ನ ಕಡೆಗೆ ಎಳೆದುಕೊಂಡು, ನಾಲಗೆ ಹೊರಹಾಕಿ ಕೆಲಸಕ್ಕೆ ಕೂತಳು. ಒಂದು ಕಾಲಿಗೆ ಹಳದಿ ಸೂರ್ಯ ಬಂದ. ಇನ್ನೊಂದಕ್ಕೆ ನೀಲಿ ಬೂಟು. ಹಿಂದಿನ ಕಾಲಿಗೆ ಕೆಂಪು ಕಾಗದ ಸುತ್ತಿ ಕಾಲುಚೀಲ.

ಮಗಳು: ಇದು ಬೇಸಿಗೆಗಾಲು. ಇದು ಮಳೆಗಾಲು. ಇದು ಚಳಿಗಾಲು.

ಸೊಟ್ಟಗಿದ್ದ ಬೂಟನ್ನು ಸರಿಮಾಡಲು ಗಂಡ ಕೈ ಚಾಚಿದ. ಹೆಂಡತಿ ನೋಡಿದಳು. ಕೈ ವಾಪಸು ಹೋಯಿತು.

ಗಂಡ: ನಾಳೆ ಯಾರೂ ನನ್ನ ಹೆಸರು ಹೇಳಲ್ಲ ಬಿಡು. ಇಷ್ಟು ಸೊಟ್ಟ ಮಾಡೋಕೆ ನಂಗೆ ಬರಲ್ಲ.

ಮಗಳು: ಹೂಂ. ನಂಗೊಬ್ಳಿಗೇ ಬರೋದು.

ಗಂಡ: ಏನೇ, ನಿನ್ನ ಕೈಲಿರೋ ಆ ನಾಲ್ಕನೇ ಕಾಲು ಬಿಸಾಕ್ಲಾ?

ಹೆಂಡತಿ: ಇರ್ಲಿ. ಅಕಾಲಕ್ಕೆ ಮಳೆ ಬಂದ್ರೆ ಬೇಕಾಗುತ್ತೆ.