ಎತ್ತಿ ಹಿಡಿದ ಸ್ಪ್ಯಾನರು

ಹಾಳಾಗಿಹೋಗಲಿ ಆ ವಾಷರು! ಮಗಳ ಮದುವೆ ನಾಳೆ ಎನ್ನುವಾಗ ನಲ್ಲಿ ರಿಪೇರಿಯವನು ಮನೆಯಲ್ಲಿ ತೆಪ್ಪಗಿರಬೇಕಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದಿದ್ದ ಆಸೆ ಒಂದೇ: ಮಗಳ ಕೈ ಹಿಡಿದು ಚರ್ಚಿನ ಬಾಗಿಲಿನಿಂದ ಪಾದ್ರಿಯವರ ಮುಂದಕ್ಕೆ ನಡೆಯಬೇಕು. ಅದಕ್ಕೆಂದೇ ಮಗಳು ತನ್ನ ಸಂಬಳದಲ್ಲಿ ಅವನಿಗೊಂದು ಕಪ್ಪು ಕೋಟು ಹೊಲಿಸಿದ್ದಳು. ಅಷ್ಟರಲ್ಲಿ ಪಕ್ಕದ ಬೀದಿಯ, ದೊಡ್ಡವರನ್ನು ನೀರಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುವ ಸಭೆಯ ಪಾಸ್ಟರು, "ತೊಟ್ಟಿ ನಲ್ಲಿಯ ವಾಷರು ಹೋಗಿ ಸೋರ್ತಿದೆ, ಚಿಟಿಕೆ ಹೊಡೆಯೋದ್ರಲ್ಲಿ ಮುಗಿಯೋ ಕೆಲಸ" ಎಂದು ಕರೆದರು. ಇಲ್ಲವೆನ್ನಲು ಬಾಯಿ ಬರದೆ ಹೋದ.

ಪಾಸ್ಟರು ಹೊಸಬರು. ಇವನು ತೊಟ್ಟಿಯ ಅಂಚಿನಲ್ಲಿ ಬಗ್ಗಿದ್ದರೆ, ಅವರು ಪಕ್ಕದಲ್ಲೇ ಕೈಯೆತ್ತಿ ಭಾನುವಾರದ ಮಾತುಗಳನ್ನು ಅಭ್ಯಾಸ ಮಾಡುತ್ತಿದ್ದರು. "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ..." ಎನ್ನುವುದಕ್ಕೂ ಇವನು ಕಾಲು ಜಾರಿ ದುಡುಮ್ಮನೆ ಒಳಗೆ ಬೀಳುವುದಕ್ಕೂ ಸರಿಹೋಯಿತು. ನೆಲ ಒರೆಸುತ್ತಿದ್ದ ಹೆಂಗಸು "ಹಲ್ಲೆಲೂಯ!" ಎಂದು ಕೂಗಿ, ಬಕೆಟ್ಟನ್ನು ಅಲ್ಲೇ ಬಿಟ್ಟು ಬೀದಿಗೆಲ್ಲ ಸುದ್ದಿ ಹಂಚಿ ಬಂದಳು.

ಒದ್ದೆಯಾಗಿ ಮನೆಗೆ ಬಂದರೆ ಬಾಗಿಲಲ್ಲಿ ಭಾವ ನಿಂತಿದ್ದ. ಸೋದರತ್ತೆಯ ಮಗ, ಇವನಿಗಿಂತ ಒಂದೇ ತಿಂಗಳು ದೊಡ್ಡವನು, ಇವರ ಚರ್ಚಿನ ಹಿರಿಯ. ಅವನು ಕೆಮ್ಮಿದರೆ ಪಾದ್ರಿಯವರು ಪ್ರಸಂಗ ನಿಲ್ಲಿಸುತ್ತಿದ್ದರು.

"ಮಗುವಾಗಿದ್ದಾಗ ಆದ ಒಂದು ದೀಕ್ಷಾಸ್ನಾನ ಸಾಲದೆ ಹೋಯ್ತೇನೋ ನಿನಗೆ? ಎರಡನೇದು ತಗೊಂಡೋನು ಮೊದಲನೇದನ್ನ ಸುಳ್ಳು ಅಂದ ಹಾಗೆ. ಅಂಥೋನು ನಮ್ಮ ಚರ್ಚಲ್ಲಿ ಮಗಳ ಕೈ ಹಿಡ್ಕೊಂಡು ನಡೆಯೋ ಹಾಗಿಲ್ಲ!"

"ಅಯ್ಯೋ ಭಾವ, ತಗೊಂಡಿಲ್ಲ, ಜಾರಿ ಬಿದ್ದೆ!"

"ಮಾತೂ ಆಗಿದೆ, ನೀರೂ ಆಗಿದೆ. ಇನ್ನೇನು ಬೇಕು?"

 ಎದುರುಮನೆಯ ದರ್ಜಿ ಉಪಾಯ ಹೇಳಿದ: "ಉಪ್ಪುನೀರು ಕುಡಿದು ವಾಂತಿ ಮಾಡಣ್ಣ, ಎರಡನೇದು ಹೊರಗೆ ಬಂದ್ಬಿಡುತ್ತೆ." ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ, ಅದನ್ನೂ ಮಾಡಿದ. ಬೆಳಗಿನ ತಿಂಡಿಯಷ್ಟೇ ಹೊರಬಂತು.

ಮತ್ತೆ ಪಾಸ್ಟರ ಬಳಿ ಓಡಿದ. ಅವರಿಗೋ ಹಿಗ್ಗು. "ದೇವರೇ ನಿಮ್ಮನ್ನ ತಳ್ಳಿದ್ದು!" ಎಂದರು. ಇವನು ಅಳುವ ಹೊತ್ತಿಗೆ ಒಂದು ಸಂಗತಿ ನೆನಪಾಯಿತು. ಕೈಯಲ್ಲಿದ್ದ ಸ್ಪ್ಯಾನರು ಹೊಸದು. ತುಕ್ಕು ಹಿಡಿದೀತೆಂದು ಬೀಳುವಾಗಲೂ ಆ ಕೈಯನ್ನು ನೀರಿನ ಮೇಲೆ ಎತ್ತಿ ಹಿಡಿದಿದ್ದ! ನೆಲ ಒರೆಸುವವಳೂ "ಹೌದು, ಮೊಣಕೈವರೆಗೂ ಹೊರಗಿತ್ತು" ಎಂದು ಸಾಕ್ಷಿ ನುಡಿದಳು.

ಪಾಸ್ಟರ ಮುಖ ಬಾಡಿತು. "ನಮ್ಮಲ್ಲಿ ಪೂರ್ತಿ ಮುಳುಗಬೇಕು. ಹಾಗಾದ್ರೆ ಇದು ಆಗಿಲ್ಲ ಅಂತಲೇ."

"ಇದನ್ನೇ ನಮ್ಮ ಭಾವನಿಗೂ ಬಂದು ಹೇಳಿಬಿಡಿ" ಎಂದು ಇವನು ಅವರನ್ನು ಎಳೆದುಕೊಂಡೇ ಹೊರಟ.

ತನ್ನ ಮನೆಯಲ್ಲಿ ಕೂತಿದ್ದ ಭಾವ ಎಲ್ಲ ಕೇಳಿ ತಲೆದೂಗಿದ. "ಸರಿ, ಎರಡನೇದು ಆಗಿಲ್ಲ."

"ನನಗೆ ಆಗಿರೋದು ಒಂದೇ ಭಾವ! ಅದೂ ನಮ್ಮತ್ತೆ ಕೈಯಲ್ಲಿ ಮಲಗಿದ್ದಾಗ. ಕೇಳಿ ಬೇಕಾದ್ರೆ!"

ಮೂಲೆಯಲ್ಲಿ ಕೂತಿದ್ದ ಅತ್ತೆ ಕಣ್ಣೊರೆಸಿಕೊಂಡಳು.

"ಇನ್ನು ಹೊಟ್ಟೇಲಿ ಇಟ್ಕೊಳ್ಳೋಕೆ ಆಗಲ್ಲ ಕಣಪ್ಪ. ಆವತ್ತು ನಿನಗೆ ಕೆಂಡದಂಥ ಜ್ವರ. ನೆಂಟರೆಲ್ಲ ಬಂದ್ಬಿಟ್ಟಿದ್ರು. ತಣ್ಣೀರು ತಾಗಿದ್ರೆ ಸತ್ತೇ ಹೋಗ್ತಾನೆ ಅಂತ ನಿಮ್ಮಮ್ಮ ಅತ್ತಳು. ಅದಕ್ಕೆ ನಿನ್ನ ಬಿಳೀ ಅಂಗಿ ಈ ನನ್ನ ಮಗನಿಗೆ ತೊಡಿಸಿ, ಇವನನ್ನೇ ಎತ್ಕೊಂಡು ಹೋದೆ. ಆ ವಯಸ್ಸಲ್ಲಿ ಎಲ್ಲ ಮಕ್ಕಳೂ ಒಂದೇ ಥರ ಅಲ್ವಾ? ಆಮೇಲೆ ಹೇಳೋಕೆ ಧೈರ್ಯ ಬರಲಿಲ್ಲ."

ಭಾವ ಬೆವರಿದ. "ಅಂದ್ರೆ ನನಗೆ ಎರಡು ಸಲ ಆಗಿದೆಯಾ?"

"ನೋಡಿದ್ಯಾ!" ಎಂದು ಇವನು ಕುಣಿದ.

"ನನ್ನದು ಹೆಚ್ಚಾಗಿದೆ ಕಣೋ, ಕ್ಷಮಿಸಬಹುದು. ನಿನ್ನದು ಇಲ್ಲವೇ ಇಲ್ಲ!"

ಇವನು ಪಾಸ್ಟರ ಕೈ ಹಿಡಿದುಕೊಂಡ. "ಸ್ವಾಮಿ, ಆ ಕೈ ಒಂಚೂರು ಮುಳುಗಿತ್ತೇನೋ..."

"ನೀವೇ ಸಾಕ್ಷಿ ಹೇಳಿಸಿದ್ರಲ್ಲ!"

"ಹಾಗಾದ್ರೆ ಈಗಲೇ ಮುಳುಗಿಸಿಬಿಡಿ!"

"ತೊಟ್ಟಿ ಖಾಲಿಯಾಗಿದೆ. ಸೋರೋದನ್ನ ನೀವು ಸರಿ ಮಾಡಲೇ ಇಲ್ಲ."

"ನಮ್ಮ ಚರ್ಚಲ್ಲಾದ್ರೂ..." ಎಂದು ಭಾವನ ಕಡೆ ತಿರುಗಿದ.

"ದೊಡ್ಡವರಿಗೆ ಮೂರು ತಿಂಗಳು ಪಾಠ ಆಗಬೇಕು. ಮದುವೆ ನಾಳೆ. ಚಿಂತೆ ಬಿಡು, ಮಗಳ ಕೈ ನಾನು ಹಿಡೀತೀನಿ."

ಇವನು ಮನೆಗೆ ಬಂದಾಗ ಮಗಳು ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. "ಅಪ್ಪ, ಎಷ್ಟು ಸಲ ಅಂತ ತೀರ್ಮಾನ ಆಯ್ತಾ?"

ಇವನು ಗೋಡೆಗೊರಗಿ ಕುಸಿದು ಕೂತ.

"ಆಯ್ತಮ್ಮ. ಆ ಕೋಟು ನಮ್ಮ ಭಾವನಿಗೆ ಕೊಟ್ಟು ಬಾ. ಅವನಿಗೆ ನನ್ನ ಬಟ್ಟೆ ಮೊದಲಿಂದಲೂ ಆಗುತ್ತೆ."