ಪದಕ ಗೆದ್ದ ಪ್ರಶ್ನೆ

ಬಹಳ ಹಿಂದೆ, ಅಂದರೆ ಇಂದಿನ ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ಗೋಣುಗಿರಿ ಎಂಬ ರಾಜ್ಯವಿತ್ತು. ನಿಸ್ಸಂಶಯ ಮಹಾರಾಜರು ಅದನ್ನು ಆಳುತ್ತಿದ್ದರು. ಅವರು ಹೇಳಿದ್ದಕ್ಕೆಲ್ಲ ಪ್ರಜೆಗಳು ಗೋಣು ಆಡಿಸುತ್ತಿದ್ದರಿಂದ ಆ ರಾಜ್ಯದಲ್ಲಿ ಕತ್ತುನೋವಿನ ಎಣ್ಣೆಯ ಹೊರತು ಬೇರಾವ ಉದ್ಯಮವೂ ಬೆಳೆದಿರಲಿಲ್ಲ.

ಒಮ್ಮೆ ನೆರೆರಾಜ್ಯದ ರಾಯಭಾರಿ ಭೋಜನಕ್ಕೆ ಬಂದವನು, "ನಮ್ಮಲ್ಲಿ ಪ್ರತಿಭಾವಂತ ಮಕ್ಕಳಿಗೆ ವಿಮರ್ಶಾತ್ಮಕ ಚಿಂತನೆ ಕಲಿಸುತ್ತಿದ್ದೇವೆ. ತಮ್ಮಲ್ಲಿ ಹೇಗೆ, ಪ್ರಭು?" ಎಂದು ಕೇಳಿದ. ಮಹಾರಾಜರಿಗೆ ಅದು ಏನೆಂದೇ ತಿಳಿಯಲಿಲ್ಲ. ತಿಳಿಯದ್ದನ್ನು ಕೇಳುವುದು ರಾಜಧರ್ಮವಲ್ಲವಾದ್ದರಿಂದ, "ನಮ್ಮಲ್ಲಿ ಧಾರಾಳವಾಗಿದೆ. ಮುಂದಿನ ಸಲ ಬಂದಾಗ ತೋರಿಸುತ್ತೇವೆ" ಎಂದುಬಿಟ್ಟರು. ರಾಯಭಾರಿಯ ಪಲ್ಲಕ್ಕಿ ಕಣ್ಮರೆಯಾದ ಕೂಡಲೇ ವಿದ್ಯಾಮಂತ್ರಿ ಭಜನಭೂಷಣರಿಗೆ ಕರೆ ಹೋಯಿತು.

"ವಿಮರ್ಶಾತ್ಮಕ ಚಿಂತನೆ ಎಂದರೇನಯ್ಯಾ?"

"ಪ್ರಶ್ನೆ ಕೇಳುವುದು, ಮಹಾಪ್ರಭು."

"ಯಾರನ್ನು?"

ಮಂತ್ರಿಗಳು ಬೆವರೊರೆಸಿಕೊಂಡರು. "ಅದನ್ನೂ ತಾವೇ ಅಪ್ಪಣೆ ಕೊಡಿಸಬೇಕು."

ಮರುದಿನವೇ ಡಂಗುರ ಸಾರಲಾಯಿತು: ರಾಜ್ಯದ ಪ್ರತಿಭಾವಂತ ಮಕ್ಕಳು ಬರುವ ಹುಣ್ಣಿಮೆಯಿಂದ ಸ್ವತಂತ್ರವಾಗಿ ಯೋಚಿಸತಕ್ಕದ್ದು, ತಪ್ಪಿದಲ್ಲಿ ಛಡಿಯೇಟು. ಪ್ರತಿಭೆಯನ್ನು ಪತ್ತೆಹಚ್ಚಲು ಉನ್ನತ ಮಟ್ಟದ ಸಮಿತಿ ರಚನೆಯಾಯಿತು. ಪ್ರತಿಭೆಯೆಲ್ಲ ಸಮಿತಿ ಸದಸ್ಯರ ಮನೆಗಳಲ್ಲೇ ಪತ್ತೆಯಾಯಿತು. ಆಯ್ಕೆ ಪಾರದರ್ಶಕವಾಗಿ ಕಾಣಲೆಂದು ಕೆಳಗೇರಿಯಿಂದ ದೇವೀರಿ ಎಂಬ ಹುಡುಗಿಯನ್ನೂ ಸೇರಿಸಿಕೊಂಡರು. ಕೆಳಗೇರಿ ಎಂದರೆ ಮಹಾರಾಜರು ಕಟ್ಟಿಸಿದ ಹೊಸ ಕೆರೆಯ ಏರಿಯ ಕೆಳಗೆ ಇಟ್ಟಿಗೆ ಸುಡುವವರ ಕೇರಿ. ಅವಳ ತಾಯಿ ಮರಿಕೆಂಪಿಯ ಇಟ್ಟಿಗೆ ಗೂಡೂ ಗುಡಿಸಲೂ ಅಲ್ಲೇ ಇದ್ದವು.

ಪಾಠ ಹೇಳುವ ಕೆಲಸ ಕೆಂಚವೀರಪ್ಪ ಮೇಷ್ಟ್ರ ಹೆಗಲಿಗೆ ಬಿತ್ತು. ಅವರಿಗೆ ಅರಮನೆಯಲ್ಲಿ ಓರಿಯೆಂಟೇಷನ್ ನಡೆಯಿತು. ಕೇಳಬೇಕಾದ ಪ್ರಶ್ನೆಯನ್ನು ಮಂತ್ರಿಮಂಡಲವೇ ಅನುಮೋದಿಸಿ ಕೊಟ್ಟಿತು: "ಮಹಾಪ್ರಭುಗಳು ಪ್ರಜೆಗಳಿಗಾಗಿ ದುಡಿಯುವ ಭರದಲ್ಲಿ ತಮ್ಮ ಆರೋಗ್ಯವನ್ನು ಇಷ್ಟೊಂದು ಅಲಕ್ಷಿಸುವುದು ಸರಿಯೇ?" ಟೀಕೆ ತೀರಾ ಖಾರವಾಯಿತೆಂದು ಹಿರಿಯರೊಬ್ಬರು ಆಕ್ಷೇಪಿಸಿದ ಮೇಲೆ 'ಇಷ್ಟೊಂದು' ಎಂಬುದನ್ನು ತೆಗೆದರು. ಕೇಳುವ ಜವಾಬ್ದಾರಿ ಮಂತ್ರಿಗಳ ಅಕ್ಕನ ಮಗನದು.

ಮೇಷ್ಟ್ರು ಮಕ್ಕಳಿಗೆ ತಾಲೀಮು ಕೊಟ್ಟರು. "ಮೊದ್ಲು ಹುಬ್ಬು ಗಂಟಿಕ್ಬೇಕು. ಆಮೇಲೆ ಗಲ್ಲಕ್ಕೆ ಬೆರಳಿಟ್ಟು ಆಕಾಶ ನೋಡ್ಬೇಕು. ಯೋಚ್ನೆ ಮಾಡ್ತಾ ಇದ್ದೀರಿ ಅಂತ ನೋಡ್ದೋರಿಗೆ ಗೊತ್ತಾಗ್ಬೇಕು."

"ಯೋಚ್ನೆನೇ ಮಾಡ್ಬುಟ್ರೆ ಆಗಕಿಲ್ವಾ, ಮೇಷ್ಟ್ರೇ?" ಎಂದಳು ದೇವೀರಿ.

"ಅಷ್ಟಕ್ಕೆಲ್ಲ ಪುರುಸೊತ್ತಿಲ್ಲ ಕಣವ್ವ. ಪೋರ್ಷನ್ ಮುಗೀಬೇಕು."

ಒಂದೇ ಖರ್ಚಿನಲ್ಲಿ ರಾಯಭಾರಿಗೆ ಕೆರೆಯನ್ನೂ ತೋರಿಸಿದಂತಾಗಲಿ ಎಂದು ಮಾದರಿ ಪಾಠವನ್ನು ಏರಿಯ ಬುಡದಲ್ಲಿ ಏರ್ಪಡಿಸಲಾಯಿತು. ಮಂತ್ರಿಗಳ ಅಕ್ಕನ ಮಗ ಎದ್ದ, ಹುಬ್ಬು ಗಂಟಿಕ್ಕಿದ, ಆಕಾಶ ನೋಡಿದ. ನೋಡುತ್ತಲೇ ಇದ್ದ. ಪ್ರಶ್ನೆ ಮರೆತುಹೋಗಿತ್ತು. ಆ ಮೌನದಲ್ಲಿ ದೇವೀರಿ ಎದ್ದು ನಿಂತಳು.

"ಬುದ್ಧಿ, ಕಲ್ಲು ಕಟ್ಟಿರೋದು ರಸ್ತೆಗೆ ಕಾಣೋ ಕಡೆ ಮಾತ್ರ. ನೀರಿನ ಕಡೆ ಬರೀ ಮಣ್ಣು. ಇಗಾ ಇಲ್ಲಿ ನೋಡಿ, ನೀರು ಒಸರ್ತಾ ಐತೆ. ತಿಳಿನೀರಲ್ಲ, ಕೆಂಪು ನೀರು. ಅಂದ್ರೆ ಒಳಗಿನ ಮಣ್ಣು ಕರಗ್ತಾ ಐತೆ. ಕೆಳಗೆ ನಮ್ಮ ಮನೆಗಳವೆ. ಈ ಏರಿ ನಿಲ್ತದಾ?"

ಮೇಷ್ಟ್ರು ಅವಳನ್ನು ಕೂರಿಸಲು ಧಾವಿಸಿದರು. ಆದರೆ ರಾಯಭಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದ. "ಅದ್ಭುತ! ಇದೇ ನೋಡಿ ವಿಮರ್ಶಾತ್ಮಕ ಚಿಂತನೆ!" ಅವನ ಮುಖ ನೋಡಿ ಮಹಾರಾಜರೂ ತಟ್ಟಿದರು. ಮಹಾರಾಜರನ್ನು ನೋಡಿ ಆಸ್ಥಾನವೆಲ್ಲ ತಟ್ಟಿತು. ಹುಡುಗಿಯ ಕೊರಳಿಗೆ ಚಿನ್ನದ ಪದಕ ಬಿತ್ತು.

"ಪದಕ ಇರ್ಲಿ ಬುದ್ಧಿ. ಏರಿ ನಿಲ್ತದೋ ಇಲ್ವೋ, ಅದು ಹೇಳಿ."

"ಆಹಾ, ಇನ್ನೊಂದು ಪ್ರಶ್ನೆ!" ಎಂದು ಮಹಾರಾಜರು ಹಿಗ್ಗಿದರು.

"ಉತ್ತರ ಹೇಳಿಬಿಟ್ಟರೆ ಮಗುವಿನ ಚಿಂತನಶಕ್ತಿ ಕುಂಠಿತವಾಗುತ್ತದೆ, ಪ್ರಭು" ಎಂದರು ಭಜನಭೂಷಣರು. "ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸುವುದು ಆಧುನಿಕ ಬೋಧನಾ ಕ್ರಮ."

ಉಳಿಸುವುದೆಂದರೆ ಶಾಶ್ವತವಾಗಿಯೇ ಉಳಿಸೋಣವೆಂದು ತೀರ್ಮಾನವಾಯಿತು. ದೇವೀರಿಯ ಪ್ರಶ್ನೆಯನ್ನು ಕರಿಕಲ್ಲಿನ ಕಂಬದ ಮೇಲೆ ಕೆತ್ತಿಸಿ, ಅವಳು ಬೆರಳು ತೋರಿಸಿದ ಜಾಗದಲ್ಲೇ ನಿಲ್ಲಿಸಲು ಟೆಂಡರ್ ಕರೆದರು. ಕಂಬ ಭಾರಿಯದಾದ್ದರಿಂದ ಏರಿಯ ಬುಡದಲ್ಲಿ ಆಳವಾದ ಪಾಯ ತೋಡಬೇಕಾಯಿತು. ಜೀವಮಾನದಲ್ಲಿ ಎದುರಾಡದ ಕೆಂಚವೀರಪ್ಪ ಮೇಷ್ಟ್ರು ಅಂದು ಮಂತ್ರಿಗಳ ಮನೆಗೆ ಓಡಿದರು.

"ಸ್ವಾಮಿ, ಕೈ ಮುಗೀತೀನಿ. ಅಲ್ಲಿ ಅಗೀಬೇಡಿ. ಆ ಮಗು ಹೇಳಿದ್ದು ನಿಜ."

"ಪ್ರಶ್ನಿಸುವ ಪರವಾನಗಿ ಇರುವುದು ಪ್ರತಿಭಾವಂತರಿಗೆ, ಮೇಷ್ಟ್ರೇ. ನೀವು ಬರೀ ಉಪಾಧ್ಯಾಯರು" ಎಂದು ಮಂತ್ರಿಗಳು ಬಾಗಿಲು ಹಾಕಿಕೊಂಡರು.

ಕಂಬದ ಅನಾವರಣಕ್ಕೆ ಎದುರುಗುಡ್ಡದ ಮೇಲೆ ವೇದಿಕೆ ಹಾಕಿ, ರಾಯಭಾರಿಯನ್ನೂ ಕರೆಸಿದ್ದರು. ಜನ ಸೇರಬೇಕಲ್ಲ, ಕೆಳಗೇರಿಯವರನ್ನು ಮುದುಕರು, ಬಾಣಂತಿಯರು ಎನ್ನದೆ ಗಾಡಿಗಳಲ್ಲಿ ತುಂಬಿ ತಂದು ಕೂರಿಸಿದ್ದರು. ಮಹಾರಾಜರು ವೇದಿಕೆಯಿಂದಲೇ ಹಗ್ಗ ಎಳೆದರು. ಪರದೆ ಬಿತ್ತು, ಹಿಂದೆಯೇ ಕಂಬ ಬಿತ್ತು, ಕಂಬದ ಹಿಂದೆ ಏರಿ ಬಿತ್ತು. ಎಲ್ಲರೂ ನೋಡುತ್ತಿದ್ದಂತೆಯೇ ಗುಡಿಸಲು, ಗೂಡು, ಕಟ್ಟಿಹಾಕಿದ್ದ ಆಡುಗಳು, ಒಲೆಯ ಮೇಲಿಟ್ಟು ಬಂದಿದ್ದ ಮಡಕೆಗಳು ಎಲ್ಲವೂ ಕೆಂಪು ನೀರಿನಲ್ಲಿ ಕೊಚ್ಚಿಹೋದವು. ಚಪ್ಪಾಳೆಗೆಂದು ಕರೆತಂದದ್ದರಿಂದ ಜೀವಗಳು ಉಳಿದವು. ಇದನ್ನು ಮುಂಜಾಗ್ರತಾ ಕ್ರಮವೆಂದು ಮಂತ್ರಿಗಳು ಅಲ್ಲೇ ಘೋಷಿಸಿದರು. ಇಷ್ಟು ಹೊತ್ತು ನಗುತ್ತಾ ಹೇಳಿದ ನನಗೆ, ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೆಳಗೇರಿಯವರು ಎದೆ ಎದೆ ಬಡಿದುಕೊಂಡು ವೇದಿಕೆಯನ್ನು ಮುತ್ತಿದರು. "ನಮ್ಮ ಮನೆ ಎಲ್ಲಿ?" "ಏರಿಗೆ ಬಂದ ಕಲ್ಲೆಲ್ಲ ಯಾರ ಮನೆ ಸೇರ್ತು?" ದೇವೀರಿಯನ್ನು ತಬ್ಬಿಕೊಂಡಿದ್ದ ಮರಿಕೆಂಪಿ ಕೂಗಿದಳು: "ಈ ಹೊತ್ತು ನನ್ನ ಮಕ್ಳಿಗೆ ಏನಿಕ್ಲಿ?"

ಮಹಾರಾಜರ ಕಣ್ಣಲ್ಲಿ ಆನಂದಬಾಷ್ಪ ತುಂಬಿತು. "ಕೇಳಿದಿರಾ ರಾಯಭಾರಿಗಳೇ? ಪ್ರತಿಭಾವಂತರಿಗೆ ಮಾತ್ರ ಕಲಿಸಲು ಹೊರಟಿದ್ದೆವು. ಇಡೀ ಕೇರಿಯೇ ಪ್ರಶ್ನೆ ಕೇಳುತ್ತಿದೆ!"

ಗುರಿ ಮೀರಿದ ಸಾಧನೆಗಾಗಿ ಮಹಾರಾಜರಿಗೆ 'ಪ್ರಶ್ನಚಕ್ರವರ್ತಿ' ಎಂಬ ಬಿರುದು ಕೊಟ್ಟು ಹೊಸ ಕಿರೀಟ ತೊಡಿಸಲಾಯಿತು. ವಿದ್ಯೆಯನ್ನು ಪುಕ್ಕಟೆ ಪಡೆಯುವುದು ಗುರುದ್ರೋಹವಾದ್ದರಿಂದ, ಅಂದು ಪ್ರಶ್ನೆ ಕೇಳಿದವರೆಲ್ಲ ಪ್ರಶ್ನೆಗಿಷ್ಟರಂತೆ ಬೋಧನಾ ಶುಲ್ಕ ಕಟ್ಟಬೇಕೆಂದು ಆಜ್ಞೆಯಾಯಿತು. ಕೈಯಲ್ಲಿ ಕಾಸಿಲ್ಲದವರು ಇಟ್ಟಿಗೆ ಕೊಡಬಹುದು ಎಂಬ ರಿಯಾಯಿತಿಯೂ ಇತ್ತು. ಮರಿಕೆಂಪಿ ಮತ್ತೆ ಗೂಡು ಕಟ್ಟಿ, ರಾತ್ರಿ ಬಯಲಿನಲ್ಲಿ ಮಲಗಿ, ಹಗಲೆಲ್ಲ ಇಟ್ಟಿಗೆ ಸುಟ್ಟು ಶುಲ್ಕ ತೀರಿಸುತ್ತಿದ್ದಾಳೆ. ಆ ಇಟ್ಟಿಗೆಯಿಂದ ರಾಜಧಾನಿಯಲ್ಲಿ ಚಿಂತನ ಭವನ ಏಳುತ್ತಿದೆ. ದೇವೀರಿಗೆ ಅದರಲ್ಲಿ ಒಂದು ಸೀಟು ಕಾದಿರಿಸಿದ್ದಾರಂತೆ. ಅವಳು ಹೋಗಿಲ್ಲ, ಅವ್ವನ ಜೊತೆ ಮಣ್ಣು ತುಳಿಯುತ್ತಿದ್ದಾಳೆ.